ನಿಮಗಿದು ಗೊತ್ತೇ? ಅಪಾಯಕ್ಕೂ ಮೊದಲೇ ಕಾಯುವ ಕಾನೂನು

ಕಾವೇರಿಯನ್ನು ತಡೆದಿರುವುದು 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ. ಅದರ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆ!

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟಗಳಿಂದ ಈ ಕಟ್ಟೆಗೆ ಧಕ್ಕೆಯಾದೀತೆಂಬ ಭಯ ಹಳೆಯದು. 2024ರ ಜನವರಿ 8ರಂದು ರಾಜ್ಯ ಹೈಕೋರ್ಟ್, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ ಕಟ್ಟೆಯ 20 ಕಿ.ಮೀ. ಸುತ್ತ ಗಣಿಗಾರಿಕೆ ನಿಷೇಧಿಸಿತು. ಬಿರುಕು ಕಾಣಲಿ, ಆಮೇಲೆ ನೋಡೋಣ ಎನ್ನುವಂಥ ವಿಷಯವೇ ಇದು? ಕೆಳಗೆ ಲಕ್ಷಾಂತರ ಜನರಿದ್ದಾರೆ.

ಈ ನಿಷೇಧದ ಹಿಂದಿನ ವಿಚಾರವೇ, ಹಾನಿ ಖಚಿತವಾಗುವವರೆಗೆ ಕಾಯದೆ ಮೊದಲೇ ತಡೆಯಬೇಕೆನ್ನುವ ಮುನ್ನೆಚ್ಚರಿಕೆ ತತ್ವ. ಪರಿಸರ ಕುರಿತ 1992ರ ರಿಯೊ ಘೋಷಣೆಯ 15ನೇ ಅಂಶ ಅದು. ವೆಲ್ಲೂರಿನ ಚರ್ಮ ಹದಗಾರಿಕೆ ಪ್ರಕರಣದಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ನಮ್ಮ ನೆಲದ ಕಾನೂನೆಂದಿತು. ಪರಿಸರಕ್ಕೆ ಹಾನಿಯಿಲ್ಲವೆಂದು ತೋರಿಸಬೇಕಾದ ಹೊಣೆ ಉದ್ದಿಮೆಯದ್ದೇ ಹೊರತು ಊರವರದ್ದಲ್ಲ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡು ಸಾಕ್ಷಿ. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಏನೋ ಎಡವಟ್ಟಾಗಿದೆ ಎಂದು ಪತ್ರಕರ್ತ ಶ್ರೀಪಡ್ರೆ, ವೈದ್ಯ ವೈ.ಎಸ್. ಮೋಹನ್ ಕುಮಾರ್ ಅವರಂಥವರು ಬಹಳ ಮೊದಲೇ ದನಿಯೆತ್ತಿದ್ದರು. ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಹೆಸರಿಸಿ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ನೀಡಿದ್ದು 2011ರ ಮೇ 13ರಂದು. ಕಾಸರಗೋಡಿನ ಎಣ್ಮಕಜೆ ಗ್ರಾಮದ, ಆರೋಗ್ಯ ಕಳೆದುಕೊಂಡ ಮಕ್ಕಳ ಪಾಲಿಗೆ ಆ ಮುನ್ನೆಚ್ಚರಿಕೆ ಬಂದದ್ದು ತೀರಾ ತಡವಾಗಿ. ಪರಿಹಾರದ ಹಣ ತೀರಿಸಲಾಗದ ಸಾಲವದು.

ಇದೇ ಮುನ್ನೆಚ್ಚರಿಕೆಯ ನಿಲುವಿನಿಂದ ಕುಲಾಂತರಿ ತಳಿಯಾದ ಬಿಟಿ ಬದನೆಗೆ ತಡೆ ಬಿದ್ದದ್ದು 2010ರ ಫೆಬ್ರುವರಿ 9ರಂದು. ಅದಕ್ಕೂ ಮೊದಲು ಬೆಂಗಳೂರಿನಲ್ಲೂ ಸಾರ್ವಜನಿಕರ ಅಹವಾಲು ಕೇಳಲಾಗಿತ್ತು.

ಕುಲಾಂತರಿ ಸಾಸಿವೆಯ ವಿಷಯದಲ್ಲೂ ಇದೇ ತತ್ವ ಚರ್ಚೆಗೆ ಬಂತು. ಅದಕ್ಕೆ ಕೊಟ್ಟ ಅನುಮತಿ ಸಿಂಧುವಲ್ಲವೆಂದು 2024ರ ಜುಲೈ 23ರಂದು ತೀರ್ಪಿತ್ತವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಜೊತೆಗಿದ್ದ ನ್ಯಾಯಮೂರ್ತಿ ಸಂಜಯ್ ಕರೋಲ್ ಅನುಮತಿಯನ್ನು ಎತ್ತಿಹಿಡಿದರು. ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದು ಬೇಕು ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.