ಪರಸ್ಥಳದಲ್ಲಿ ಸ್ನೇಹ ಸಂಪಾದನೆ ಮತ್ತು ಆರೋಗ್ಯ

ಉದ್ಯೋಗ ನಿಮಿತ್ತವಾಗಿ ಹುಟ್ಟೂರನ್ನು ಬಿಟ್ಟು ಪರಪ್ರಾಂತಕ್ಕೆ ಬಂದು ನೆಲೆಸುವುದು ಕನ್ನಡಿಗರಿಗೆ ಹೊಸ ಸಂಗತಿಯೇನೂ ಅಲ್ಲ. ವರ್ಗಾವಣೆಯ ಆದೇಶ ಕೈಸೇರಿದ ಕೆಲವು ವಾರಗಳಲ್ಲಿ ಬಾಡಿಗೆಯ ಮನೆ ದೊರೆಯುತ್ತದೆ. ಮಕ್ಕಳಿಗೆ ಶಾಲೆ ದೊರೆಯುತ್ತದೆ. ಹಾಲಿನವನೂ ದಿನಸಿ ಅಂಗಡಿಯವನೂ ಗೊತ್ತಾಗುತ್ತಾರೆ. ಆದರೆ ಸ್ನೇಹಿತರು ಮಾತ್ರ ಯಾವ ಅರ್ಜಿಯನ್ನು ಸಲ್ಲಿಸಿದರೂ ದೊರೆಯುವುದಿಲ್ಲ.

ಈ ಕೊರತೆಯ ಭಾರ ಕುಟುಂಬದ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನೌಕರಿಯವರಿಗೆ ಕಚೇರಿಯಿದೆ, ಮಕ್ಕಳಿಗೆ ಶಾಲೆಯಿದೆ. ಹಗಲೆಲ್ಲ ಮನೆಯಲ್ಲಿ ಉಳಿಯುವ ಗೃಹಿಣಿ ಹಾಗೂ ಊರಿನಿಂದ ಕರೆತಂದ ವೃದ್ಧ ತಾಯಿತಂದೆಗಳ ಪಾಲಿಗೆ ಹೊಸ ಊರೆಂದರೆ ನಾಲ್ಕು ಗೋಡೆ ಮತ್ತು ಒಂದು ಬಾಲ್ಕನಿ ಮಾತ್ರ. ಊರಿನಲ್ಲಿ ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಹತ್ತು ಜನರ ಯೋಗಕ್ಷೇಮ ವಿಚಾರಿಸುತ್ತಿದ್ದ ಹಿರಿಯರು ಇಲ್ಲಿ ಸಂಜೆಯವರೆಗೂ ಮಗನ ದಾರಿ ಕಾಯುತ್ತಾರೆ. ಕ್ರಮೇಣ ಹಸಿವು ಕಡಿಮೆಯಾಗುತ್ತದೆ, ನಿದ್ರೆ ಕೆಡುತ್ತದೆ. ಇದು ವಯಸ್ಸಿನ ದೋಷವೆಂದು ಮನೆಯವರು ಭಾವಿಸುವುದುಂಟು. ಒಂಟಿತನವೂ ಇದಕ್ಕೆ ಕಾರಣವಾಗಿರಬಹುದೆಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಒಂಟಿತನವು ಕೇವಲ ಮನಸ್ಸಿನ ಬೇಸರವಲ್ಲ ಎಂಬುದಕ್ಕೆ ಆಧಾರಗಳಿವೆ. 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 148 ಅಧ್ಯಯನಗಳನ್ನೂ ಅವುಗಳಲ್ಲಿದ್ದ ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನೂ ಒಟ್ಟುಗೂಡಿಸಿ ನೋಡಿತು. ಬಲವಾದ ಸ್ನೇಹಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಇತರರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚಾಗಿತ್ತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನಕ್ಕೆ ಸೇರಿದ ಡಾ. ವಿವೇಕ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಪರಿಗಣಿಸಿ ಎಚ್ಚರಿಕೆಯ ವರದಿಯನ್ನು ಹೊರಡಿಸಿದರು.

ಹಾಗಾದರೆ ಸ್ನೇಹ ಬೆಳೆಯಲು ಎಷ್ಟು ಕಾಲ ಬೇಕು? ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಊರು ಬದಲಾಯಿಸಿದವರನ್ನೇ ಪ್ರಶ್ನಿಸಲಾಗಿತ್ತು. ಕೇವಲ ಪರಿಚಯವು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ, ನಿಜವಾದ ಗೆಳೆತನವಾಗಲು 90 ಗಂಟೆ, ಆಪ್ತತೆ ಬೆಳೆಯಲು 200 ಗಂಟೆಗಳಿಗೂ ಹೆಚ್ಚು ಬೇಕೆಂದು ಅವರು ಅಂದಾಜು ಮಾಡಿದರು. ಕಚೇರಿಯಲ್ಲಿ ಜೊತೆಗೆ ದುಡಿದ ಗಂಟೆಗಳಿಗಿಂತ ಬಿಡುವಿನಲ್ಲಿ ಜೊತೆಗೆ ಕಳೆದ ಗಂಟೆಗಳೇ ಹೆಚ್ಚು ಫಲ ನೀಡುತ್ತವೆಂಬುದೂ ಕಂಡುಬಂದಿತು.

ಈ ಲೆಕ್ಕವನ್ನು ಮುಂದುವರಿಸಿ ನೋಡಬಹುದು. ವಾರಕ್ಕೆ ಒಮ್ಮೆ, ಮೂರು ಗಂಟೆಗಳ ಕಾಲ ಅದೇ ಜನರೊಡನೆ ಹೊರಗೆ ಹೋದರೆ 17 ವಾರಗಳಲ್ಲಿ ಗೆಳೆತನದ ಆರಂಭ, 30 ವಾರಗಳಲ್ಲಿ ನಿಜವಾದ ಗೆಳೆತನ, 67 ವಾರಗಳಲ್ಲಿ ಆಪ್ತತೆ. ಮೂರು ವರ್ಷಗಳಿಗೆ ವರ್ಗಾವಣೆಯಾಗುವ ನೌಕರನಿಗೆ ದೊರೆಯುವುದು ಸುಮಾರು 156 ಭಾನುವಾರಗಳು. ‘ಮೊದಲು ನೆಲೆಯೂರೋಣ, ಆಮೇಲೆ ಊರು ನೋಡೋಣ’ ಎಂದು ಮೊದಲ ಎರಡು ವರ್ಷಗಳನ್ನು ಕಳೆದುಬಿಟ್ಟರೆ, ಉಳಿದ ಭಾನುವಾರಗಳಲ್ಲಿ ಒಬ್ಬ ಆಪ್ತನೂ ದೊರೆಯುವುದಿಲ್ಲ. ಸ್ನೇಹವೂ ರಿಕರಿಂಗ್ ಠೇವಣಿಯಂತೆ. ಕಂತು ಚಿಕ್ಕದಾದರೂ ತಪ್ಪದೆ ಕಟ್ಟಬೇಕು, ಬೇಗನೆ ಆರಂಭಿಸಬೇಕು.

ಪುಣೆ ನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಳಗ್ಗೆ ಟೇಕಡಿ ಹತ್ತುವುದು, ಅಂದರೆ ಸಮೀಪದ ಗುಡ್ಡಕ್ಕೆ ನಡೆದುಹೋಗುವುದು, ಅಲ್ಲಿನ ಜನಜೀವನದ ಅಂಗವಾಗಿದೆ. ಪೇಶ್ವೆ ನಾನಾಸಾಹೇಬರು ದೇವಾಲಯ ಕಟ್ಟಿಸಿದ ಪರ್ವತಿ ಗುಡ್ಡಕ್ಕೆ 103 ಮೆಟ್ಟಿಲುಗಳು. ದಿನವೂ ಒಂದೇ ಹೊತ್ತಿಗೆ ಹತ್ತುವವನನ್ನು ಎರಡನೆಯ ವಾರದಲ್ಲಿ ಅಲ್ಲಿನವರು ಗುರುತಿಸುತ್ತಾರೆ. ನಾಲ್ಕನೆಯ ವಾರದಲ್ಲಿ, ಎರಡು ದಿನ ಬಾರದಿದ್ದರೆ, ಏಕೆ ಬರಲಿಲ್ಲವೆಂದು ಕೇಳುತ್ತಾರೆ. ಗೆಳೆತನವು ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಜಂಗಲಿ ಮಹಾರಾಜ ರಸ್ತೆಯ ಪಕ್ಕದಲ್ಲಿರುವ ಪಾತಾಳೇಶ್ವರವು ರಾಷ್ಟ್ರಕೂಟರ ಕಾಲದ ಗುಹಾಲಯ. ಮಾನ್ಯಖೇಟದಿಂದ ಆಳಿದ ಆ ಮನೆತನದ ಕುರುಹನ್ನು ಅಲ್ಲಿ ಕಂಡ ಕನ್ನಡಿಗನಿಗೆ ಪರಸ್ಥಳವೆಂಬ ಭಾವನೆ ಅರ್ಧದಷ್ಟು ಕಳೆಯುತ್ತದೆ. ಗದಗ ಪ್ರದೇಶದಿಂದ ಬಂದು ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ಸ್ಮರಣಾರ್ಥ 1953ರಲ್ಲಿ ಆರಂಭಿಸಿದ ಸಂಗೀತೋತ್ಸವವು ಪಕ್ಕದಲ್ಲಿ ಕುಳಿತ ಅಪರಿಚಿತರೊಡನೆ ಮಾತು ಬೆಳೆಸಲು ಇನ್ನೊಂದು ಅವಕಾಶ. ಸ್ವಲ್ಪ ಅಭ್ಯಾಸವಾದ ನಂತರ ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಸಿಂಹಗಡವನ್ನು ಏರಬಹುದು. ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರವಾಗಿರುವ ಈ ಕೋಟೆ 1670ರ ಕಾಳಗದಲ್ಲಿ ತಾನಾಜಿ ಮಾಲುಸರೆಯವರ ಬಲಿದಾನದಿಂದ ಪ್ರಸಿದ್ಧವಾದುದು. ಮೇಲೆ ದೊರೆಯುವ ಪಿಠಲೆ-ಭಾಕರಿಯು ಧಾರವಾಡದ ಕಡೆಯವರಿಗೆ ಝುಣಕ-ರೊಟ್ಟಿಯ ನೆಂಟನೇ ಸರಿ. ಒಂದೇ ಬುತ್ತಿಯನ್ನು ಹಂಚಿಕೊಂಡು ಉಂಡವರು ಇಳಿಯುವಾಗ ಅಪರಿಚಿತರಾಗಿ ಉಳಿಯುವುದಿಲ್ಲ.

ಇಂಥ ಸಂಚಾರಗಳು ಸ್ನೇಹಕ್ಕೆ ಅನುಕೂಲವಾಗಲು ಕಾರಣಗಳಿವೆ. ಎದುರುಬದುರಾಗಿ ಕುಳಿತಾಗ ಮೌನವು ಮುಜುಗರವನ್ನುಂಟುಮಾಡುತ್ತದೆ. ಜೊತೆಯಾಗಿ ನಡೆಯುವಾಗ ಮೌನ ಸಹಜವಾಗಿರುತ್ತದೆ. ನೋಡಿದ ಮರ, ಕಟ್ಟಡ, ಸವೆದ ಮೆಟ್ಟಿಲು ತಾವಾಗಿಯೇ ಮಾತಿಗೆ ವಿಷಯವಾಗುತ್ತವೆ. ಆದುದರಿಂದ ಸ್ಥಳೀಯ ಭಾಷೆಯ ಪೂರ್ಣ ಪರಿಚಯ ಇಲ್ಲದವರಿಗೂ ತೊಡಕಾಗುವುದಿಲ್ಲ. ಹಿರಿಯರನ್ನು ‘ಕಾಕಾ’ ಎಂದು ಕರೆಯುವ ಪದ್ಧತಿ ಮರಾಠಿಗೂ ಉತ್ತರ ಕರ್ನಾಟಕಕ್ಕೂ ಸಮಾನವೇ ಆಗಿದೆ. ತಪ್ಪಾಗಿಯಾದರೂ ಆಡಿದ ಹತ್ತು ಮರಾಠಿ ಮಾತುಗಳು ಎದುರಿನವರ ಮುಖದಲ್ಲಿ ನಗೆ ತರುತ್ತವೆ. ತಿದ್ದುವ ನೆಪದಲ್ಲಿ ಅವರೇ ಗುರುಗಳಾಗುತ್ತಾರೆ.

ದೇಹಕ್ಕೂ ಇದರಿಂದ ಲಾಭವುಂಟು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚುರುಕಾದ ನಡಿಗೆಯಿಂದ ಇದು ಪೂರೈಸುತ್ತದೆ. ಆದರೆ ಹೃದ್ರೋಗ, ರಕ್ತದೊತ್ತಡ, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಗುಡ್ಡ ಹತ್ತಬೇಕು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯ ತುಂಡನ್ನಿಟ್ಟುಕೊಳ್ಳಬೇಕು. ಎದೆನೋವು, ತಲೆಸುತ್ತು ಕಂಡರೆ ಅಲ್ಲಿಯೇ ನಿಂತು ನೆರವನ್ನು ಪಡೆಯಬೇಕು. ಮಳೆಗಾಲದಲ್ಲಿ ಕೋಟೆಯ ದಾರಿ ಜಾರುವುದರಿಂದ ವೃದ್ಧರನ್ನು ಕರೆದೊಯ್ಯದಿರುವುದು ಲೇಸು. ನಡೆಯಲಾರದವರಿಗೆ ಮನೆಯ ಸಮೀಪದ ಉದ್ಯಾನದ ಬೆಂಚೇ ಸಾಕು; ದಿನವೂ ಅದೇ ಬೆಂಚು, ಅದೇ ವೇಳೆ ಆಗಿರಬೇಕಷ್ಟೆ.

ಕನ್ನಡ ಸಂಘಗಳು ಪರಸ್ಥಳದಲ್ಲಿ ತವರುಮನೆ ಇದ್ದಂತೆ. ತವರುಮನೆ ಎಷ್ಟೇ ಆಪ್ತವಾದರೂ ಸಂಸಾರ ಮಾಡುವುದು ನೆರೆಹೊರೆಯವರ ನಡುವೆ. ಆಪತ್ಕಾಲದಲ್ಲಿ ನಡುರಾತ್ರಿ ಬಾಗಿಲು ತಟ್ಟಿದರೆ ತೆರೆಯುವವರು ಅವರೇ. ಹೊಸ ಊರಿಗೆ ಬಂದವರು ಬರುವ ಭಾನುವಾರವೇ ಮನೆಯ ಹಿರಿಯರ ಕೈಹಿಡಿದು ಹೊರಡಲಿ. ಹಿಂದಿರುಗುವಾಗ ಆ ಹಿರಿಯರು ‘ನಾಳೆಯೂ ಬರೋಣವೇ?’ ಎಂದು ಕೇಳಿದರೆ, ಠೇವಣಿಯ ಮೊದಲ ಕಂತು ಜಮೆಯಾಯಿತೆಂದು ತಿಳಿಯಬಹುದು.