ಗಸಗಸೆಯ ಕಾಯಿಯಿಂದ ಬ್ರೌನ್ ಶುಗರ್‌ವರೆಗೆ

ಹಬ್ಬದ ದಿನ ಗಸಗಸೆ ಪಾಯಸವನ್ನುಂಡು, ಮಧ್ಯಾಹ್ನದ ನಿದ್ರೆಯ ಹೊಣೆಯನ್ನೆಲ್ಲ ಅದರ ಮೇಲೆ ಹೊರಿಸುವವರು ನಮ್ಮಲ್ಲಿ ಅನೇಕರು. ಪಾಪ, ಆ ಬೀಜದಲ್ಲಿ ಮಾದಕಾಂಶವು ಅತ್ಯಲ್ಪ. ಆದರೆ ಅದೇ ಗಿಡದ ಹಸಿಗಾಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿದರೆ ಅದೇ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದ ರೈತರು ಔಷಧಗಳ ತಯಾರಿಕೆಗಾಗಿ ಇದನ್ನು ಬೆಳೆಯುತ್ತಾರೆ.

ಅಫೀಮಿನಿಂದ ನೋವು ನಿವಾರಕ ಮಾರ್ಫಿನ್ ದೊರೆಯಿತು. ಮಾರ್ಫಿನ್ನಿನಿಂದ 1874ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ಇನ್ನೊಂದು ವಸ್ತುವನ್ನು ಜರ್ಮನಿಯ ಬೇಯರ್ ಸಂಸ್ಥೆಯು 1898ರಲ್ಲಿ ‘ಹೆರಾಯಿನ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು, ಅದೂ ಕೆಮ್ಮಿನ ಔಷಧವೆಂದು! ಇದರ ಕಲಬೆರಕೆಯ ಕಂದು ಪುಡಿಯೇ 1980ರ ದಶಕದಲ್ಲಿ ಮುಂಬಯಿಯ ಗಲ್ಲಿಗಳನ್ನು ಹೊಕ್ಕ ‘ಬ್ರೌನ್ ಶುಗರ್’. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು ಮತ್ತು ಕೆಲವು ನೋವಿನ ಮಾತ್ರೆಗಳೂ ಇದೇ ವಂಶದವು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಅಫೀಮು ವರ್ಗದ ವಸ್ತುಗಳನ್ನು ಬಳಸುವ ಭಾರತೀಯರ ಸಂಖ್ಯೆಯನ್ನು ಸುಮಾರು 2.26 ಕೋಟಿಯೆಂದು ಅಂದಾಜು ಮಾಡಿತು.

ನೋವನ್ನು ತಣಿಸುವ ಎಂಡಾರ್ಫಿನ್ ಎಂಬ ದ್ರವ್ಯವನ್ನು ಶರೀರವು ತಾನೇ ಉತ್ಪಾದಿಸುತ್ತದೆ. ಹೆರಾಯಿನ್ ಅದರ ಸ್ಥಾನವನ್ನು ಆಕ್ರಮಿಸಿ ನೂರ್ಮಡಿ ಸುಖವನ್ನು ಕೊಟ್ಟಂತೆ ತೋರುತ್ತದೆ. ವಾಸ್ತವದಲ್ಲಿ ಅದು ಕೊಡುಗೆಯಲ್ಲ, ಚಕ್ರಬಡ್ಡಿಯ ಸಾಲ. ಮಿದುಳು ಅದಕ್ಕೆ ಒಗ್ಗಿಕೊಂಡಂತೆ ಮೊದಲಿನ ಪ್ರಮಾಣವು ಸಾಲದಾಗುತ್ತದೆ. ಕೆಲಕಾಲದಲ್ಲಿ ಸುಖಕ್ಕಾಗಿ ಅಲ್ಲ, ಕೇವಲ ಸಂಕಟವನ್ನು ತಪ್ಪಿಸಿಕೊಳ್ಳಲು ಸೇವಿಸಬೇಕಾಗುತ್ತದೆ. ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಕೆ, ಮಲಬದ್ಧತೆ, ಮನೆಯಲ್ಲಿ ಲೆಕ್ಕಕ್ಕೆ ಸಿಗದ ಹಣ ಇವು ಲಕ್ಷಣಗಳು.

ಸೇವನೆ ನಿಂತ ಕೆಲವೇ ಗಂಟೆಗಳಲ್ಲಿ ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಮೈನವಿರು, ಕೀಲುನೋವು, ಭೇದಿ, ನಿದ್ರಾಹೀನತೆಗಳು ಕಾಣಿಸಿಕೊಂಡು ಎರಡು ಮೂರನೆಯ ದಿನ ಅತಿಯಾಗುತ್ತವೆ. ನೆರೆಹೊರೆಗೆ ತಿಳಿದೀತೆಂಬ ಅಂಜಿಕೆಯಿಂದ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ, ವಾರ ಕಳೆದೊಡನೆ ‘ಗುಣವಾಯಿತು’ ಎಂದು ನಿಟ್ಟುಸಿರುಬಿಡುವ ಕುಟುಂಬಗಳುಂಟು. ಅಪಾಯವಿರುವುದು ಇಲ್ಲಿಯೇ. ಈ ಬಿಡುವಿನಲ್ಲಿ ಶರೀರವು ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಆಸೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಊರಿಗೆ ಕಳುಹಿಸಿ ಮೂರು ತಿಂಗಳ ಮೇಲೆ ಕರೆತಂದರೂ ಇದೇ ಸ್ಥಿತಿ. ಆತ ಮರಳಿ ಒಮ್ಮೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟವು ನಿಧಾನವಾಗುತ್ತ ನಿಂತುಹೋಗಬಹುದು. ತುಟಿ ನೀಲಿಗಟ್ಟಿ, ಕರೆದರೂ ಏಳದವನನ್ನು ಮಲಗಲು ಬಿಡದೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸಕಾಲದಲ್ಲಿ ನ್ಯಾಲಾಕ್ಸೋನ್ ಎಂಬ ಚುಚ್ಚುಮದ್ದು ದೊರೆತರೆ ಉಸಿರು ಮರಳುವುದುಂಟು.

ಬ್ಯುಪ್ರೆನಾರ್ಫಿನ್, ಮೆಥಡೋನ್‌ಗಳಂಥ ಔಷಧಗಳನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ಕೊಟ್ಟು ಈ ಹಂಬಲವನ್ನು ಹತೋಟಿಗೆ ತರುವುದು ಇಂದಿನ ಪದ್ಧತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಪೊಲೀಸರ ಭಯದಿಂದ ಹಿಂಜರಿಯುವವರು 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮನ್ನು ತಿಳಿದಿರುವುದು ಒಳಿತು: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆಯುಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಹತ್ತಿರದ ಕೇಂದ್ರವನ್ನು ತಿಳಿಯಲು ಕೇಂದ್ರ ಸರಕಾರದ ಶುಲ್ಕರಹಿತ ದೂರವಾಣಿ 14446.