ದ್ವೀಪದ ಲಾಟರಿ, ತಾಂಡಾದ ದೂರು

2005ರ ಜುಲೈನಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ದಿ ಐಲ್ಯಾಂಡ್’ನಲ್ಲಿ ಕಥೆಯನ್ನು ತಿರುಗಿಸುವುದು ಒಂದು ಪತಂಗ. ಹೊರಗಿನ ಗಾಳಿ ವಿಷವಾಗಿದೆ, ಬದುಕಲು ಉಳಿದಿರುವುದು ಒಂದೇ ದ್ವೀಪ, ಲಾಟರಿಯಲ್ಲಿ ಹೆಸರು ಬಂದವರು ಅಲ್ಲಿಗೆ ಹೋಗಬಹುದು ಎಂದು ಮುಚ್ಚಿದ ವಸತಿಯೊಂದರಲ್ಲಿರುವ ಜನರನ್ನೆಲ್ಲ ನಂಬಿಸಲಾಗಿದೆ. ವಿಷಗಾಳಿಯಿಂದ ಈ ಹುಳ ಜೀವಂತ ಬಂದದ್ದು ಹೇಗೆ ಎಂಬ ಪ್ರಶ್ನೆ ಲಿಂಕನ್ ಸಿಕ್ಸ್ ಎಕೋ ಎಂಬಾತನಿಗೆ ಹೊಳೆದಾಗ ನಿಜ ಬಯಲಾಗುತ್ತದೆ. ಅವರೆಲ್ಲ ಸಿರಿವಂತರ ತದ್ರೂಪಿಗಳು. ಲಾಟರಿ ಗೆದ್ದವರ ಅಂಗಾಂಗ ಕಿತ್ತು ಕೊಲ್ಲಲಾಗುತ್ತದೆ. ದುಡ್ಡು ಕೊಟ್ಟ ಸಿರಿವಂತರಿಗೂ ಕಂಪನಿ ಸುಳ್ಳು ಹೇಳಿದೆ: ತಾನು ಬೆಳೆಸುತ್ತಿರುವುದು ಅರಿವಿಲ್ಲದ ದೇಹಗಳನ್ನು ಮಾತ್ರ ಎಂದು. ಚಿತ್ರ ನೋಡಿದವರು ಕ್ಲೋನಿಂಗ್‌ಗೆ ಹೆದರುತ್ತಾರೆ. ಹೆದರಬೇಕಾದದ್ದು ಆ ಎರಡು ಸುಳ್ಳುಗಳಿಗೆ ಎಂದು ನನಗನ್ನಿಸುತ್ತದೆ. ಹಾಗೆನ್ನಲು ಹಾವೇರಿ ಜಿಲ್ಲೆಯಲ್ಲೇ ಕಾರಣಗಳಿವೆ.

ತದ್ರೂಪು ತೆಗೆಯುವುದು ಈ ಸೀಮೆಯ ರೈತರಿಗೆ ಹೊಸದೇನಲ್ಲ. ಕಬ್ಬಿನ ತುಂಡು ನೆಟ್ಟರೂ ಸವಣೂರಿನ ವೀಳ್ಯದೆಲೆ ಬಳ್ಳಿ ಕತ್ತರಿಸಿ ಊರಿದರೂ ಬರುವುದು ತಾಯಿಗಿಡದ ನಕಲೇ. ಬ್ಯಾಡಗಿ ಮೆಣಸಿನಕಾಯಿಯ ಹಾದಿ ಬೇರೆ. ಅದು ಬೀಜದಿಂದ ಹುಟ್ಟುತ್ತದೆ; ಜೇನುನೊಣ ಪಕ್ಕದ ಹೊಲದ ಪರಾಗ ತಂದು ಬೆರೆಸುತ್ತದೆ. ಡಬ್ಬಿ, ಕಡ್ಡಿ ಎಂಬ ತಳಿಗಳು ಉಳಿದಿರುವುದು ಸುಕ್ಕು, ಬಣ್ಣ ನೋಡಿ ಬೀಜದ ಕಾಯಿ ಆರಿಸುತ್ತ ಬಂದ ರೈತರಿಂದ. 2011ರಲ್ಲಿ ಸಿಕ್ಕ ಜಿಐ ಮಾನ್ಯತೆಯ ಹಿಂದಿರುವುದು ಈ ಆಯ್ಕೆಯೇ. ಪ್ರಾಣಿಗಳಲ್ಲಿ ನಕಲು ಬಹಳ ಕಷ್ಟ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಆರು ವರ್ಷದ ಕುರಿಯೊಂದರ ಕೆಚ್ಚಲಿನ ಜೀವಕೋಶಗಳನ್ನು, ಕೇಂದ್ರ ತೆಗೆದ ಅಂಡಗಳೊಂದಿಗೆ ಬೆಸೆದರು. 277 ಯತ್ನಗಳಲ್ಲಿ ಫಲಿಸಿದ್ದು ಒಂದೇ: 1996ರ ಜುಲೈ 5ರಂದು ಹುಟ್ಟಿದ ಡಾಲಿ. ಅದೂ ಮರಿಯಾಗಿಯೇ ಹುಟ್ಟಿತು. ಚಿತ್ರದಲ್ಲಿರುವಂತೆ ಪ್ರಾಯಕ್ಕೆ ಬಂದ ದೇಹವನ್ನು ಒಮ್ಮೆಲೇ ತಯಾರಿಸಲಾಗದು, ಮೂಲದವನ ನೆನಪು ವಂಶವಾಹಿಯ ಮೂಲಕ ದಾಟಿ ಬರುವುದೂ ಇಲ್ಲ.

ಮನುಷ್ಯನ ನಕಲು ತೆಗೆಯುವುದೇ ತಪ್ಪಲ್ಲವೇ ಎಂದು ಕೇಳಬಹುದು. ಇವತ್ತಿನ ಸ್ಥಿತಿಯಲ್ಲಿ ತಪ್ಪೇ. ಒಂದು ಕುರಿಮರಿಗೆ ಅಷ್ಟು ಸೋಲುಗಳಾದರೆ, ಮನುಷ್ಯರ ಮೇಲೆ ಅಂಥ ಪ್ರಯೋಗ ಮಾಡುವ ಹಕ್ಕು ಯಾರಿಗೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಅದನ್ನು ನಿಷೇಧಿಸಿರುವುದು ಸರಿಯಾಗಿದೆ. ಆದರೆ ಹಾಗೊಂದು ಮಗು ಹುಟ್ಟಿದರೆ ಅದು ಮನುಷ್ಯನೇ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬಳನ್ನು ಇನ್ನೊಬ್ಬಳ ಬಿಡಿಭಾಗವೆಂದು ಯಾರೂ ಕರೆಯುವುದಿಲ್ಲ. ಹಾಗೆ ಕರೆಯಬೇಕಾದರೆ ಮೊದಲು ಸುಳ್ಳೊಂದನ್ನು ಕಟ್ಟಬೇಕಾಗುತ್ತದೆ. ಚಿತ್ರ ಬಂದ ವರ್ಷವೇ ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಅವರ ಹಗರಣ ಹೊರಬಿತ್ತು. ತದ್ರೂಪಿ ಮಾನವ ಭ್ರೂಣಗಳಿಂದ ಆಕರಕೋಶ ಪಡೆದೆವೆಂದು ಅವರು ಪ್ರಕಟಿಸಿದ್ದ ಫಲಿತಾಂಶಗಳು ಕಟ್ಟುಕಥೆಯಾಗಿದ್ದವು. ಪ್ರಯೋಗಕ್ಕೆ ಬಳಸಿದ ಅಂಡಗಳಲ್ಲಿ ಕೆಲವು ಅವರ ಕೈಕೆಳಗಿನ ಸಂಶೋಧಕಿಯರವೇ ಆಗಿದ್ದವು. ಅದೇ ತಂಡ ಹುಟ್ಟಿಸಿದ್ದ ತದ್ರೂಪಿ ನಾಯಿ ಮಾತ್ರ ನಿಜವಾದ ತದ್ರೂಪಿಯೇ ಆಗಿತ್ತು.

ಈಗ ರಾಣೆಬೆನ್ನೂರಿಗೆ ಬರೋಣ. 2010ರಿಂದ 2017ರವರೆಗೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರದ ಐನೂರರಷ್ಟು ಮಹಿಳೆಯರ ಗರ್ಭಕೋಶ ತೆಗೆಯಲಾಯಿತು ಎಂಬ ವಿಚಾರ ಪತ್ರಿಕೆಗಳಲ್ಲಿ ಬಂದಿದೆ, ತನಿಖೆಗೂ ಒಳಗಾಗಿದೆ. ಅವರಲ್ಲಿ ಅನೇಕರು ಲಂಬಾಣಿ ತಾಂಡಾಗಳ ಕೂಲಿಗಾರ್ತಿಯರು. ಹೊಟ್ಟೆನೋವೆಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಲಾಯಿತು, ಬೇರೆ ದಾರಿ ತಿಳಿಸಲಿಲ್ಲ, ಆಮೇಲೆ ಮೊದಲಿನಂತೆ ದುಡಿಯಲು ಆಗುತ್ತಿಲ್ಲ ಎಂಬುದು ಅವರ ದೂರು. ಪರಿಹಾರ ಕೇಳಿ ಅವರು ಬೀದಿಗಿಳಿದಿದ್ದಾರೆ. ಇದನ್ನು ಸಿನಿಮಾಕ್ಕೆ ಹೋಲಿಸುವುದು ಅತಿಯಾಯಿತು ಎನ್ನುವವರ ಮಾತಿನಲ್ಲಿ ಅರ್ಧ ಹುರುಳಿದೆ. ಇವರನ್ನು ಯಾರೂ ಅಂಗಾಂಗಕ್ಕಾಗಿ ಸಾಕಲಿಲ್ಲ. ಗರ್ಭಕೋಶ ತೆಗೆಯುವುದು ಕೆಲವೊಮ್ಮೆ ಜೀವ ಉಳಿಸುವ ಚಿಕಿತ್ಸೆಯೂ ಹೌದು. ಆದರೆ ಅವರ ದೂರು ನಿಜವಾದರೆ, ಒಂದು ವಿಷಯದಲ್ಲಿ ಎರಡೂ ಕಡೆ ನಡೆದದ್ದು ಒಂದೇ: ದೇಹ ಯಾರದೋ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ನಿರ್ಧರಿಸಿದರು.

ಓದು ಬಾರದವರಿಗೆ ಇದನ್ನೆಲ್ಲ ಹೇಳಿದರೆ ತಿಳಿಯುತ್ತದೆಯೇ ಎಂಬ ಮಾತು ಆಸ್ಪತ್ರೆಗಳಲ್ಲೂ ಪ್ರಯೋಗಾಲಯಗಳಲ್ಲೂ ಕೇಳಿಬರುತ್ತದೆ. ನಾನು ಇದನ್ನು ಒಪ್ಪಲಾರೆ. ರಾಣೆಬೆನ್ನೂರು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಊರು, ಅಲ್ಲಿ ‘ಕ್ರಾಸಿಂಗ್’ ಮಾಡುವ ಕೈಗಳಲ್ಲಿ ಹೆಂಗಸರ ಕೈಗಳೇ ಹೆಚ್ಚು. ಹತ್ತಿಯಲ್ಲಾದರೆ, ಮರುದಿನ ಅರಳುವ ಮೊಗ್ಗು ಯಾವುದೆಂದು ಸಂಜೆಯೇ ಗುರುತಿಸಿ, ಹೆಣ್ಣುಭಾಗಕ್ಕೆ ಗಾಯವಾಗದಂತೆ ಉಗುರಿನಿಂದ ಗಂಡುಕೇಸರ ಬಿಡಿಸಿ, ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸುತ್ತಾರೆ. ಪರಾಗಕೋಶ ಒಂದು ಉಳಿದರೂ ಬೀಜದ ಶುದ್ಧತೆ ಕೆಡುತ್ತದೆ. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿಯ ಬೀಜ ಹೊಲ ಮುಟ್ಟಿದ್ದು ಇಂಥ ಕೈಗೆಲಸದಿಂದ. ಹೂವಿನ ಗರ್ಭವನ್ನು ಇಷ್ಟು ಬಲ್ಲವರಿಗೆ ತಮ್ಮದೇ ಗರ್ಭಕೋಶದ ವಿಷಯ ಹೇಳಿದರೆ ತಿಳಿಯದೆಂದು ನಂಬುವುದು ಹೇಗೆ?

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ತಪಾಸಣೆಗೆ ಮಾತ್ರ ಒಪ್ಪಿದ್ದ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯಗಳನ್ನು ತೆಗೆದುಹಾಕಿದ ಪ್ರಕರಣದಲ್ಲಿ, ಅದಕ್ಕೆ ಅವರ ಒಪ್ಪಿಗೆ ಇರಲಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಚಿಕಿತ್ಸೆ ಎಂಥದು, ಅದರ ಅಪಾಯವೇನು, ಬೇರೆ ದಾರಿಯಿದೆಯೇ, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕೆಂದೂ ಹೇಳಿತು. ಆ ತೀರ್ಪು ಬಂದದ್ದು 2008ರ ಜನವರಿಯಲ್ಲಿ, ರಾಣೆಬೆನ್ನೂರಿನ ಮಹಿಳೆಯರ ದೂರು ಶುರುವಾಗುವ ಕಾಲಕ್ಕಿಂತ ಎರಡು ವರ್ಷ ಮೊದಲು.